ಕರಡು ನೋಡುವ ಬಣ್ಣಗಳು



ಲೇಟೆಕ್ ಕಡತವೊಂದನ್ನು ವಿಮ್, ಈಮ್ಯಾಕ್ಸ್‌ನಂಥ ಎಡಿಟರ್‌ನಲ್ಲಿ ತೆರೆದರೆ ಆಜ್ಞೆಗಳಿಗೆ ಒಂದು ಬಣ್ಣ, ಗಣಿತಕ್ಕೆ ಇನ್ನೊಂದು, ಟಿಪ್ಪಣಿಗಳಿಗೆ ಮತ್ತೊಂದು. ನಮ್ಮಲ್ಲಿ ಹೆಚ್ಚಿನವರು ಇದನ್ನು ಕಣ್ಣಿಗೆ ಹಿತವಾಗಲೆಂದು ಮಾಡಿದ ಏರ್ಪಾಡು ಎಂದುಕೊಂಡು, ಇಷ್ಟವಾದ ಥೀಮ್ ಹಾಕಿಕೊಂಡು ಸುಮ್ಮನಾಗುತ್ತಾರೆ. ಕನ್ನಡದ ಪುಟ ಕಟ್ಟುವವರಿಗೆ ಈ ಬಣ್ಣದ ನಿಯಮಗಳು ಕರಡಚ್ಚು ತಿದ್ದುವವರ ಕೆಂಪು ಪೆನ್ನಿನಷ್ಟೇ ಕೆಲಸಕ್ಕೆ ಬರುತ್ತವೆ ಎಂಬುದು ನನ್ನ ವಾದ. ಹಾಗಾಗಿ ಅವನ್ನು ಬರೆಯುವ ಹೊಣೆ ಕರಡು ನೋಡಿ ಪಳಗಿದವರ ಮೇಲೂ ಇದೆ. ಎಲ್ಲವನ್ನೂ ಪ್ರೋಗ್ರಾಮರ್‌ಗಳ ತಲೆಗೆ ಕಟ್ಟಿ ಕೂರುವಂತಿಲ್ಲ.

ಎಡಿಟರ್ ಈ ಬಣ್ಣಗಳನ್ನು ಹೇಗೆ ಹಚ್ಚುತ್ತದೆ ಎಂಬುದನ್ನು ಮೊದಲು ನೋಡೋಣ. ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ರೂಪಿಸತೊಡಗಿದ, ಲೇಟೆಕ್‌ಗೆ ತಳಹದಿಯಾದ ಟೆಕ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ವರ್ಗಸಂಖ್ಯೆ ಇದೆ. 0ರಿಂದ 15ರವರೆಗೆ ಒಟ್ಟು 16 ವರ್ಗ. ಆಜ್ಞೆ ಆರಂಭಿಸುವ ಬ್ಯಾಕ್‌ಸ್ಲ್ಯಾಶ್‌ಗೆ 0, ಗಣಿತದ ಬಾಗಿಲು ತೆರೆಯುವ ಡಾಲರ್ ಚಿಹ್ನೆಗೆ 3, ವರ್ಣಗಳಿಗೆ 11, ಟಿಪ್ಪಣಿ ಶುರುಮಾಡುವ ಶೇಕಡಾ ಚಿಹ್ನೆಗೆ 14. ಸ್ವಾರಸ್ಯ ಏನೆಂದರೆ, ಈ ವರ್ಗಗಳನ್ನು ದಾಖಲೆಯೇ ನಡುದಾರಿಯಲ್ಲಿ ಬದಲಾಯಿಸಬಹುದು. ಹತ್ತನೇ ಪುಟದವರೆಗೆ ಬರೀ ಚಿಹ್ನೆಯಾಗಿದ್ದದ್ದು ಹನ್ನೊಂದನೇ ಪುಟದಲ್ಲಿ ಅಕ್ಷರವಾಗಿ ಕೂರಬಹುದು. ಅಂದಮೇಲೆ ಒಂದು ಸಾಲಿನ ನಿಜವಾದ ಅರ್ಥ ಗೊತ್ತಾಗಬೇಕಾದರೆ ಅದಕ್ಕಿಂತ ಹಿಂದಿನದನ್ನೆಲ್ಲ ಟೆಕ್ ಓಡಿಸಿ ನೋಡಿರಬೇಕು. ಎಡಿಟರ್ ಓಡಿಸುವುದಿಲ್ಲ. ಸಾಲಿನ ರೂಪ ನೋಡಿ ಊಹಿಸುತ್ತದೆ. ನಾವು ಕಾಣುವ ಬಣ್ಣವೆಲ್ಲ ಆ ಊಹೆ.

ಊಹೆ ಎಡವುವ ಒಂದು ಜಾಗ ಇಲ್ಲಿರುವ ಎಲ್ಲರಿಗೂ ಪರಿಚಿತ. ಪಠ್ಯದಲ್ಲಿ ಎಲ್ಲೋ ಒಂಟಿ ಡಾಲರ್ ಉಳಿದುಬಿಡುತ್ತದೆ. ಅಲ್ಲಿಂದಾಚೆಗೆ ಇಡೀ ಅಧ್ಯಾಯ ಗಣಿತದ ಬಣ್ಣ ಹೊದ್ದು ಮಲಗುತ್ತದೆ. ಗಣಿತ ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದೇ ಚಿಹ್ನೆ ಇರುವುದರಿಂದ, ನಡುವೆ ಎಲ್ಲೋ ನಿಂತು ನೋಡುವ ಎಡಿಟರ್‌ಗೆ ಇದು ಬಾಗಿಲೋ ಹಿತ್ತಿಲೋ ತಿಳಿಯದು. ವಿಮ್‌ನ ಟೆಕ್ ನಿಯಮಗಳನ್ನು ಬಹುಕಾಲ ನೋಡಿಕೊಂಡ ಚಾರ್ಲ್ಸ್ ಕ್ಯಾಂಪ್‌ಬೆಲ್ ಈ ತೊಡಕನ್ನು ಮುಚ್ಚಿಡಲಿಲ್ಲ. ಶೇಕಡಾ ಚಿಹ್ನೆಯ ಬೆನ್ನಿಗೇ ‘ಸ್ಟಾಪ್‌ಜೋನ್’ ಎಂದು ಬರೆದರೆ ಬಣ್ಣ ಅಲ್ಲಿಗೆ ನಿಲ್ಲುವಂತೆ ಒಂದು ವಿಶೇಷ ಟಿಪ್ಪಣಿಯನ್ನೇ ಇಟ್ಟರು. ಟೆಕ್ ಅದನ್ನು ಟಿಪ್ಪಣಿಯೆಂದು ದಾಟಿಹೋಗುತ್ತದೆ, ಎಡಿಟರ್ ಅದನ್ನು ಅಪ್ಪಣೆಯೆಂದು ಪಾಲಿಸುತ್ತದೆ. ಯಂತ್ರಕ್ಕೆ ತಿಳಿಯದ್ದನ್ನು ಬರೆಯುವವರೇ ಹೇಳಿಕೊಡಬೇಕು ಎಂಬ ಒಪ್ಪಿಗೆ ಇದರಲ್ಲಿದೆ. ನನಗೆ ಈ ಪ್ರಾಮಾಣಿಕತೆ ಇಷ್ಟ.

ಹೇಳಿಕೊಡುವ ದಾರಿಯೇನೂ ಕಷ್ಟದ್ದಲ್ಲ. ವಿಮ್‌ನ ಜೊತೆಗೆ ಬಂದ ಮೂಲ ಕಡತಕ್ಕೆ ಕೈ ಹಾಕಬಾರದು, ಮುಂದಿನ ಆವೃತ್ತಿ ಬಂದಾಗ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಸ್ವಂತ ವಿಮ್ ಫೋಲ್ಡರ್‌ನಲ್ಲಿ ‘ಆಫ್ಟರ್’, ಅದರೊಳಗೆ ‘ಸಿಂಟ್ಯಾಕ್ಸ್’ ಎಂಬ ಫೋಲ್ಡರ್ ಮಾಡಿ, ಅಲ್ಲೊಂದು ಟೆಕ್ ನಿಯಮದ ಕಡತ ಇಟ್ಟರೆ ಮೂಲ ನಿಯಮಗಳನ್ನೆಲ್ಲ ಓದಿ ಮುಗಿಸಿದ ಮೇಲೆ ವಿಮ್ ನಮ್ಮದನ್ನು ಓದುತ್ತದೆ. ಆ ಕಡತದಲ್ಲಿ ‘ಮ್ಯಾಚ್’ ಎಂದರೆ ಇಂಥ ಮಾದರಿ ಕಂಡಲ್ಲಿ, ‘ರೀಜನ್’ ಎಂದರೆ ಇಲ್ಲಿಂದ ಇಲ್ಲಿಯವರೆಗೆ. ಕೊನೆಗೆ ಹೀಗೆ ಹಿಡಿದ ಪಠ್ಯದ ಗುಂಪಿಗೆ ಯಾವ ಬಣ್ಣ ಎಂದು ಕೊಂಡಿ ಹಾಕುವುದು. ವಿಮ್‌ಟೆಕ್ ಪ್ಲಗಿನ್ ಬಳಸುವವರು ತಮ್ಮ ಆಜ್ಞೆಗಳನ್ನು ಒಂದು ಪಟ್ಟಿಯಲ್ಲಿ ಕೊಟ್ಟರೂ ಸಾಕು, ಈಮ್ಯಾಕ್ಸ್‌ನ ಆಕ್‌ಟೆಕ್ ಪ್ಯಾಕೇಜ್‌ನಲ್ಲೂ ಅಂಥದೇ ಸೌಕರ್ಯ ಇದೆ. ಇದರ ವಿವರ ಮಧ್ಯಾಹ್ನದ ಪ್ರಾತ್ಯಕ್ಷಿಕೆಯಲ್ಲಿ ಬರುವುದರಿಂದ ನಾನು ಬೆಳೆಸುವುದಿಲ್ಲ.

ಕನ್ನಡಕ್ಕೆ ಬರೋಣ. ಟೆಕ್‌ನ ಯೂನಿಕೋಡ್ ರೂಪವಾದ ಕ್ಸೀಟೆಕ್ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆದು ಪುಟ ಕಟ್ಟಬಹುದು. ಅಷ್ಟೇ ಅಲ್ಲ, ಆಜ್ಞೆಗೇ ಕನ್ನಡದ ಹೆಸರಿಡಬಹುದು. ಬ್ಯಾಕ್‌ಸ್ಲ್ಯಾಶ್ ಹಾಕಿ ‘ಅಡಿಟಿಪ್ಪಣಿ’ ಎಂದು ಬರೆದು ಅದನ್ನೇ ಆಜ್ಞೆಯಾಗಿ ಮಾಡಿಕೊಂಡವರಿದ್ದಾರೆ. ಟೆಕ್ ಒಪ್ಪುತ್ತದೆ, ಪುಟ ಸರಿಯಾಗಿ ಬರುತ್ತದೆ. ಎಡಿಟರ್‌ನಲ್ಲಿ ಮಾತ್ರ ಅದಕ್ಕೆ ಬಣ್ಣ ಬರುವುದಿಲ್ಲ. ಏಕೆಂದರೆ ವಿಮ್‌ನ ಹಳೆಯ ನಿಯಮದಲ್ಲಿ ಆಜ್ಞೆ ಎಂದರೆ ಬ್ಯಾಕ್‌ಸ್ಲ್ಯಾಶ್‌ನ ನಂತರ ಬರುವ ಇಂಗ್ಲಿಷ್ ವರ್ಣಗಳ ಸಾಲು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಬರೆದವರ ಮೇಜಿನ ಮೇಲೆ ಕನ್ನಡ ಕಡತ ಇರಲಿಲ್ಲ, ಅಷ್ಟೆ. ನಮ್ಮ ಮೇಜಿನ ಮೇಲೆ ಇದೆ.

ಆ ನಿಯಮವನ್ನು ಹಿಗ್ಗಿಸಲು ಹೊರಟರೆ ಕೂಡಲೇ ಒಂದು ಮುಳ್ಳು ಚುಚ್ಚುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಿವೆ; ಅಷ್ಟನ್ನೂ ಸೇರಿಸಿಕೊಂಡರೆ ಕನ್ನಡ ಪದ ಹಿಡಿದಂತಾಯಿತು ಎಂದುಕೊಳ್ಳುತ್ತೇವೆ. ‘ಸಾಫ್ಟ್‌ವೇರ್’ ಎಂದು ಬರೆದು ನೋಡಿ. ಟಕಾರಕ್ಕೆ ವಕಾರ ಒತ್ತಾಗಿ ಹೋಗದಂತೆ ನಡುವೆ ಒಂದು ಅದೃಶ್ಯ ಅಕ್ಷರ ಕೂತಿದೆ. ಸೊನ್ನೆ ಅಗಲದ ಆ ತಡೆ ಕನ್ನಡದ ಪಟ್ಟಿಯಲ್ಲಿಲ್ಲ, ಸಾಮಾನ್ಯ ಚಿಹ್ನೆಗಳ ಪಟ್ಟಿಯಲ್ಲಿದೆ. ನಮ್ಮ ನಿಯಮ ಪದವನ್ನು ಅಲ್ಲೇ ಎರಡು ತುಂಡು ಮಾಡುತ್ತದೆ. ಹಾಗಾಗಿ ತಡೆಯುವ ಈ ಅಕ್ಷರವನ್ನೂ ಅದರಂತೆಯೇ ಅದೃಶ್ಯವಾದ ಬೆಸೆಯುವ ಅಕ್ಷರವನ್ನೂ ಕೈಯಾರೆ ಸೇರಿಸಬೇಕು. ಇನ್ನೊಂದು ಪೀಡೆ: ಎಷ್ಟೋ ಎಡಿಟರ್‌ಗಳು ತಡೆಯುವ ಅಕ್ಷರವನ್ನು ತೋರಿಸುವುದೇ ಇಲ್ಲ. ವಿಮ್ ಅದಕ್ಕೆ ವಿರುದ್ಧ, ಕೋನದ ಆವರಣದೊಳಗೆ ಅದರ ಸಂಕೇತಸಂಖ್ಯೆಯನ್ನೇ ಪದದ ಹೊಟ್ಟೆಯಲ್ಲಿ ಬರೆದುಬಿಡುತ್ತದೆ. ಒಂದರಲ್ಲಿ ಇದೆಯೋ ಇಲ್ಲವೋ ತಿಳಿಯದು, ಇನ್ನೊಂದರಲ್ಲಿ ಪದವೇ ಓದಲಾಗದು. 2010ರ ವಿಮ್ 7.3ರಿಂದ ‘ಕನ್ಸೀಲ್’ ಎಂಬ ಸೌಲಭ್ಯವಿದೆ. ಒಂದು ಅಕ್ಷರವನ್ನು ಪರದೆಯ ಮೇಲೆ ಮಾತ್ರ ಇನ್ನೊಂದಾಗಿ ತೋರಿಸುತ್ತದೆ, ಕಡತದಲ್ಲಿ ಇದ್ದದ್ದು ಇದ್ದಂತೆಯೇ ಇರುತ್ತದೆ. ಅದೃಶ್ಯ ತಡೆಯ ಜಾಗದಲ್ಲಿ ಮಸುಕಾದ ಒಂದು ಚುಕ್ಕೆ ಮೂಡಿಸಿದರೆ ಓದಿಗೂ ತೊಂದರೆಯಿಲ್ಲ, ಕರಡು ನೋಡುವವರ ಕಣ್ಣಿಗೂ ಬೀಳುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಲಾಭದ ನಿಯಮ ಸೊನ್ನೆಯದು. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ಅನೇಕ ಫಾಂಟ್‌ಗಳಲ್ಲಿ ಅವಳಿ ಮಕ್ಕಳಂತೆ ಕಾಣುತ್ತವೆ. ‘ಕ೦ಪ್ಯೂಟರ್’, ‘ಕಂಪ್ಯೂಟರ್’. ಈಗ ನಾನು ಎರಡು ಸಲ ಹೇಳಿದ ಪದ ನಿಮ್ಮ ಕಿವಿಗೆ ಒಂದೇ; ಮುದ್ರಿಸಿದರೆ ಕಣ್ಣಿಗೂ ಹೆಚ್ಚುಕಡಿಮೆ ಒಂದೇ. ಆದರೆ ನನ್ನ ಕೈಯಲ್ಲಿರುವ ಹಾಳೆಯಲ್ಲಿ ಮೊದಲನೆಯದರ ನಡುವೆ ಇರುವುದು ಅಂಕಿ. ಹುಡುಕಿದರೆ ಸಿಗುವುದಿಲ್ಲ, ಪದಸೂಚಿಯಲ್ಲಿ ಎರಡು ಕಡೆ ಕೂರುತ್ತದೆ, ಅಕಾರಾದಿ ಕ್ರಮ ಕೆಡುತ್ತದೆ. ಎಂಥ ನುರಿತ ಕರಡು ತಿದ್ದುಗಾರರೂ ಕಣ್ಣಿಂದ ಇದನ್ನು ಹಿಡಿಯಲಾರರು. ಒಂದು ಸಾಲಿನ ನಿಯಮ ಹಿಡಿಯುತ್ತದೆ: ಕನ್ನಡ ವರ್ಣದ ಬೆನ್ನಿಗೆ ಸೊನ್ನೆ ಬಂದರೆ ತಪ್ಪಿನ ಬಣ್ಣ. ವರ್ಣ ಎನ್ನುವಾಗ ಅಂಕಿಗಳನ್ನು ಹೊರಗಿಡಬೇಕು, ಇಲ್ಲವಾದರೆ ‘೧೦’ ಎಂದು ಸರಿಯಾಗಿ ಬರೆದವರಿಗೂ ಕೆಂಪು ಬೀಳುತ್ತದೆ. ಇದರ ತಿರುವುಮುರುವೂ ಉಂಟು. ಇಸವಿ ಬರೆಯುವಾಗ ಸೊನ್ನೆಯ ಬದಲು ಅನುಸ್ವಾರ ಒತ್ತುವವರು ಕಡಿಮೆಯಿಲ್ಲ.

ನಿಯಮ ಹಿಡಿಯಬೇಕಾದ ಮೂರನೆಯ ತೊಡಕು ರಕಾರದ್ದು. ‘ರ‍್ಯಾಂಕ್’ ಎಂದು ಬರೆಯುವಾಗ ಅರ್ಕಾವೊತ್ತು ಬಾರದಂತೆ ತಡೆಯಲು ಬೆಸೆಯುವ ಅಕ್ಷರವನ್ನು ರಕಾರ ಮತ್ತು ಹಲಂತಗಳ ನಡುವೆ ಇಡಬೇಕೆಂದು ಯೂನಿಕೋಡ್ ಹೇಳುತ್ತದೆ. ಹಲಂತದ ನಂತರ ಇಟ್ಟ ಕಡತಗಳೂ ಸಾಕಷ್ಟು ಚಲಾವಣೆಯಲ್ಲಿವೆ. ಎರಡೂ ಕೆಲವು ಕಡೆ ಸರಿಯಾಗಿ ಕಾಣುವುದರಿಂದ ಒಂದೇ ಪುಸ್ತಕದ ಎರಡು ಅಧ್ಯಾಯಗಳಲ್ಲಿ ಎರಡು ಪದ್ಧತಿ ನಿಶ್ಚಿಂತೆಯಾಗಿ ಬದುಕಿರುತ್ತವೆ.

ಬಣ್ಣದ ಅತಿಯ ಬಗ್ಗೆಯೂ ಒಂದು ಮಾತು. ನಿಯಮ ಬರೆಯುವ ಹುರುಪಿನಲ್ಲಿ ಅಕ್ಷರದ ನಡುವೆ ಬಣ್ಣ ಬದಲಾಯಿಸಿದರೆ ಒತ್ತಕ್ಷರ ಒಡೆದುಹೋಗಬಹುದು. ಬಣ್ಣ ಬದಲಾದಲ್ಲಿ ಪಠ್ಯವನ್ನು ಕತ್ತರಿಸಿ ಬೇರೆಬೇರೆಯಾಗಿ ಚಿತ್ರಿಸುವ ಎಡಿಟರ್‌ಗಳಿವೆ. ಆದ್ದರಿಂದ ನಿಯಮ ಯಾವಾಗಲೂ ಇಡೀ ಅಕ್ಷರವನ್ನು, ಸಾಧ್ಯವಾದರೆ ಇಡೀ ಪದವನ್ನು ಹಿಡಿಯಬೇಕು. ಕಡತವನ್ನು ಮೊದಲ ಸಾಲಿನಿಂದಲೇ ಓದಿ ಬಣ್ಣ ಹಚ್ಚು ಎಂದು ವಿಮ್‌ಗೆ ಹೇಳಬಹುದು, ಬಣ್ಣ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ, ಆದರೆ ನಾನೂರು ಪುಟದ ಪ್ರಬಂಧವನ್ನು ಒಂದೇ ಕಡತದಲ್ಲಿ ಇಟ್ಟುಕೊಂಡವರಿಗೆ ಪರದೆ ತೆವಳುತ್ತದೆ. ಅಧ್ಯಾಯಕ್ಕೊಂದು ಕಡತ ಮಾಡಿಕೊಳ್ಳಿ. ಗಣಿತದ ಹೊರಗೆ ಅಡಿಗೆರೆ ಕಂಡಾಗ ವಿಮ್ ಕೆಂಪು ತೋರಿಸಿದರೆ ತಪ್ಪು ತೋರಿಸುವುದನ್ನೇ ಆರಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಇದು ನನಗೆ ಸರಿಕಾಣದು. ಆ ಅಡಿಗೆರೆ ವಿಮ್‌ಗೆ ಗೊತ್ತಿಲ್ಲದ ಹೊಸ ಗಣಿತ ಪರಿಸರದೊಳಗೆ ಇದ್ದರೆ, ಆ ಪರಿಸರದ ಹೆಸರನ್ನು ಅದಕ್ಕೆ ಕಲಿಸಲು ಒಂದೇ ಸಾಲು ಸಾಕು.

ಈ ಎರಡು ದಿನಗಳಲ್ಲಿ ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಇಲ್ಲಿ ಕೂತಿರುವ ಅನೇಕರ ಬಳಿ ಇಂಥ ಐದಾರು ಸಾಲಿನ ನಿಯಮಗಳು ಈಗಾಗಲೇ ಇರಬಹುದು, ಯಾರಿಗೂ ತೋರಿಸದೆ ಇಟ್ಟುಕೊಂಡಿರುತ್ತೀರಿ. ಅವನ್ನು ನಾಳೆಯ ಗೋಷ್ಠಿಗೆ ತನ್ನಿ, ಯಾವ ತಪ್ಪನ್ನು ಹಿಡಿಯಲು ಬರೆದಿರಿ ಎಂಬ ಉದಾಹರಣೆಯ ಸಮೇತ. ಕರಡು ತಿದ್ದುವ ಹಿರಿಯರಲ್ಲಿ ಕೋರಿಕೆ ಇಷ್ಟು: ನೀವು ಮತ್ತೆಮತ್ತೆ ಕಂಡ, ಕಣ್ತಪ್ಪಿಸಿ ಅಚ್ಚಾಗಿಹೋದ ತಪ್ಪುಗಳನ್ನು ಕಾಗದದ ಮೇಲೆ ಕನ್ನಡದಲ್ಲೇ ಬರೆದುಕೊಡಿ, ಅವನ್ನು ನಿಯಮಗಳಾಗಿ ಮಾಡುವ ಕೆಲಸ ನಮ್ಮ ಹುಡುಗ ಹುಡುಗಿಯರದು. ಎಲ್ಲ ಸೇರಿಸಿ ಮುಕ್ತ ಪರವಾನಗಿಯ ಒಂದು ಕಡತ, ಮೊದಲು ವಿಮ್‌ಗೆ, ಆಮೇಲೆ ಬೇರೆ ಎಡಿಟರ್‌ಗಳಿಗೆ. ರಕಾರದ ಎರಡು ಪದ್ಧತಿಗಳಲ್ಲಿ ಬೆಸೆಯುವ ಅಕ್ಷರವನ್ನು ಹಲಂತದ ನಂತರ ಇಡುವುದನ್ನು ತಪ್ಪೆಂದು ಕೆಂಪಾಗಿಸಬೇಕೋ, ಬರೀ ಎಚ್ಚರಿಕೆಯೆಂದು ಹಳದಿಯಲ್ಲಿ ತೋರಿಸಬೇಕೋ ಎಂಬುದರಲ್ಲಿ ಜಗಳ ಆಗುವುದು ಖಚಿತ. ಅದಕ್ಕೆಂದೇ ನಾಳೆ ಬೆಳಗಿನ ಗೋಷ್ಠಿಯಲ್ಲಿ ಹೆಚ್ಚಿನ ಸಮಯ ಇಡುವಂತೆ ಸಂಘಟಕರನ್ನು ಕೇಳಿಕೊಂಡಿದ್ದೇನೆ.