ರಸಾಯನಶಾಸ್ತ್ರ ಓದಿದವರ ಬಂಡವಾಳ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗೆ ನಾವು ತೋರಿಸುವುದು ಎರಡೇ ಬಾಗಿಲು: ಡಾಕ್ಟರ್, ಇಲ್ಲವೇ ಇಂಜಿನಿಯರ್. ಆ ಸೀಟು ಸಿಗದೆ ಬಿ.ಎಸ್ಸಿ. ಸೇರಿದವರನ್ನು ಸೋತವರಂತೆ ನೋಡುತ್ತೇವೆ. ಇದು ಸರಿಯಲ್ಲ. ಔಷಧ, ಬಣ್ಣ, ಸಾಬೂನು, ಗೊಬ್ಬರ ತಯಾರಿಸುವ ಯಾವ ಕಾರ್ಖಾನೆಯೂ ರಸಾಯನಶಾಸ್ತ್ರ ಬಲ್ಲವರಿಲ್ಲದೆ ನಡೆಯದು.

ಖ್ವಾಜಾ ಅಬ್ದುಲ್ ಹಮೀದ್ ಅವರು ಬರ್ಲಿನ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಬಂದು, 1935ರಲ್ಲಿ ಮುಂಬೈಯಲ್ಲಿ ಸಿಪ್ಲಾ ಕಂಪನಿ ಸ್ಥಾಪಿಸಿದರು. ಮಗ ಯೂಸುಫ್ ಹಮೀದ್ ಕೇಂಬ್ರಿಜ್‌ನಲ್ಲಿ ಅದೇ ವಿಷಯ ಓದಿದರು. ಏಡ್ಸ್ ಚಿಕಿತ್ಸೆಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಖರ್ಚಾಗುತ್ತಿದ್ದಾಗ, 2001ರಲ್ಲಿ ಸಿಪ್ಲಾ ಮೂರು ಔಷಧಗಳನ್ನು ಸೇರಿಸಿ ನೆರವು ಸಂಸ್ಥೆಗೆ 350 ಡಾಲರಿಗೆ ಕೊಡಲು ಮುಂದೆ ಬಂತು. ಬೆಲೆ ಇಳಿದರೆ ಸಾಲದು, ಗುಣ ಇಳಿದಿಲ್ಲವೆಂದು ಜಗತ್ತು ನಂಬಬೇಕು. ಆ ನಂಬಿಕೆಗೆ ಆಧಾರ ಪ್ರಯೋಗಾಲಯದ ದಾಖಲೆ.

ದಾಖಲೆ ಸುಳ್ಳಾದರೆ ಏನಾದೀತು? 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಹತ್ತಾರು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ಸಿರಪ್‌ಗೆ ಹಾಕುವ ಗ್ಲಿಸರಿನ್‌ನಲ್ಲಿ ಈ ವಿಷ ಬೆರೆತರೆ ಕಣ್ಣಿಗೆ ಕಾಣದು. ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಪರೀಕ್ಷೆ ಮಾಡದೆ ‘ಸರಿ ಇದೆ’ ಎಂದು ಹಾಕುವ ಒಂದು ಸಹಿ ಎಷ್ಟು ಮನೆಗಳ ದೀಪ ಆರಿಸಬಲ್ಲದು, ನೀವೇ ಯೋಚಿಸಿ.

ಈಗ ನಿಮ್ಮನ್ನು ಕೇಳುತ್ತೇನೆ. ಪ್ರಾಕ್ಟಿಕಲ್‌ನಲ್ಲಿ ಬ್ಯೂರೆಟ್ ರೀಡಿಂಗ್ ಮೂರು ಸಲವೂ ಬೇರೆ ಬೇರೆ ಬಂದರೆ ಏನು ಮಾಡುತ್ತೀರಿ? ಪಕ್ಕದವರ ಉತ್ತರ ನೋಡಿ ಹೊಂದಿಸಿ ಬರೆಯುತ್ತೀರಾ? ಕಾರ್ಖಾನೆಯಲ್ಲಿ ಈ ಅಭ್ಯಾಸ ಕೆಲಸವನ್ನೇ ಕಳೆಯಬಹುದು. ಅಲ್ಲಿ ಕಂಡದ್ದನ್ನು ಕಂಡ ಹೊತ್ತಿಗೇ ಪೆನ್ನಿನಲ್ಲಿ ಬರೆಯಬೇಕು. ತಪ್ಪಿದರೆ ಅಳಿಸಬಾರದು. ಒಂದೇ ಗೆರೆ ಎಳೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ಸಹಿ, ತಾರೀಖು ಹಾಕಬೇಕು.

ಬಿ.ಎಸ್ಸಿ. ಮುಗಿಸಿದವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಗುಣಮಟ್ಟ ಪರೀಕ್ಷೆ ಅಥವಾ ಉತ್ಪಾದನಾ ವಿಭಾಗದ ಕೆಲಸ. ಪಾಳಿ ಇರಬಹುದು, ಆರಂಭದ ಸಂಬಳ ಕಡಿಮೆ ಇರಬಹುದು. ಬೇಸರಪಡದೆ ಎಚ್.ಪಿ.ಎಲ್.ಸಿ.ಯಂಥ ಯಂತ್ರಗಳನ್ನು ಚೆನ್ನಾಗಿ ಕಲಿಯಿರಿ. ಸಂಶೋಧನಾ ವಿಭಾಗಕ್ಕೆ ಹೋಗಬೇಕೆಂದರೆ ಎಂ.ಎಸ್ಸಿ. ಮಾಡಿ. ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಜ್ಯಾಮ್ ಪ್ರವೇಶ ಪರೀಕ್ಷೆ ಇದೆ.

ಉರ್ದು, ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷಿಗೆ ಹೆದರುತ್ತಾರೆ. ಎರಡೂ ಭಾಷೆ ಕಲಿಸುವ ಶಿಕ್ಷಕಿಯಾಗಿ ಹೇಳುತ್ತೇನೆ: ಪ್ರಯೋಗಾಲಯಕ್ಕೆ ಅಲಂಕಾರದ ಇಂಗ್ಲಿಷ್ ಬೇಡ. ಏನು ಮಾಡಿದೆ, ಏನು ಕಂಡೆ ಎಂದು ತಿಳಿಸುವ ಸಣ್ಣ ಸಣ್ಣ ವಾಕ್ಯಗಳು ಸಾಕು. ದಿನಕ್ಕೆ ಐದು ವಾಕ್ಯ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ, ಹೆದರಿಕೆ ಕಡಿಮೆಯಾಗುತ್ತದೆ.

ಪೋಷಕರೇ, ಈ ದಾರಿಯಲ್ಲಿ ಹೆಣ್ಣುಮಕ್ಕಳನ್ನೂ ಧೈರ್ಯವಾಗಿ ಓದಿಸಿ. ಮಕ್ಕಳೇ, ಯಂತ್ರವನ್ನು ಕಂಪನಿ ಕೊಡುತ್ತದೆ, ನಿಜ ಬರೆಯುವ ಕೈಯನ್ನು ನೀವೇ ತರಬೇಕು. ಅದೇ ನಿಮ್ಮ ಬಂಡವಾಳ. ಈ ವರ್ಷದ ಪ್ರಾಕ್ಟಿಕಲ್ ಪುಸ್ತಕದಿಂದಲೇ ಅದನ್ನು ಕೂಡಿಡಲು ಆರಂಭಿಸಿ.