ಅವ್ವನ ಎರಡು ಸಾವಿರ ಯಾರ ದುಡ್ಡು?

(ಮೈಸೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇದೇ ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆಯ ಹಣ ಹಂಚಿಕೆ ಶುರುವಾಯಿತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವ ಹೆಂಗಸಿನ ಬ್ಯಾಂಕ್ ಖಾತೆಗೆ ತಿಂಗಳಿಗೆ 2,000 ರೂಪಾಯಿ. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರು ಇದರ ಪಟ್ಟಿಯಲ್ಲಿದ್ದಾರೆ. ನಮ್ಮ ನಿಮ್ಮ ಅವ್ವಂದಿರೂ ಅದರಲ್ಲಿದ್ದಾರೆ.

ಆವತ್ತಿನಿಂದ ಹೋಟೆಲುಗಳಲ್ಲಿ, ಸಿಟಿ ಬಸ್ಸುಗಳಲ್ಲಿ, ಕಾಲೇಜು ಕ್ಯಾಂಟೀನುಗಳಲ್ಲಿ ಒಂದು ಮಾತು ಓಡಾಡ್ತಾ ಇದೆ: 'ಬಿಟ್ಟಿ ಭಾಗ್ಯ'. ಬಿಟ್ಟಿ ಕೊಟ್ಟು ಜನರನ್ನ ಸೋಮಾರಿ ಮಾಡಿಬಿಟ್ರು, ಕೂಲಿಗೆ ಆಳೇ ಸಿಗಲ್ಲ ಅಂತಾರೆ. ಈ ಮಾತು ಬಂದಾಗ ನಮ್ಮ ಹುಡುಗರು ತಲೆ ತಗ್ಗಿಸಿ ಕೂರುತ್ತಾರೆ. ತಲೆ ತಗ್ಗಿಸುವಂಥದ್ದು ಇದರಲ್ಲಿ ಏನಿದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡೋಣ.

ಮೊದಲು ಆ ಪದವನ್ನೇ ತಗೊಳ್ಳಿ. ಬಿಟ್ಟಿ ಅಂದರೇನು ಅಂತ ನಮ್ಮ ಕೇರಿಗಳಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಬಿಟ್ಟಿ ಅಂದರೆ ಕೂಲಿಯಿಲ್ಲದ ಚಾಕರಿ. ಸತ್ತ ದನ ಎಳೆದವರು ಯಾರು? ತಮಟೆ ಬಡಿದು ಊರಿಗೆಲ್ಲ ಸಾರಿದವರು ಯಾರು? ಸಾವಿನ ಸುದ್ದಿ ಹೊತ್ತು ಹತ್ತು ಊರು ನಡೆದವರು ಯಾರು? ಅದಕ್ಕೆ ಸಿಕ್ಕಿದ್ದು ಕಣದ ಮೂಲೆಯ ಕಾಳು, ಹಳಸಿದ ಮುದ್ದೆ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ತೋಟಿ ಕೆಲಸವನ್ನು ಕಾಗದದ ಮೇಲೆ ಕಿತ್ತುಹಾಕಿತು. 1976ರ ಕಾಯ್ದೆ ಜೀತವನ್ನು ಅಪರಾಧ ಅಂತ ಸಾರಿತು. ಅಲ್ಲೀವರೆಗೆ ಬಿಟ್ಟಿ ದುಡಿದವರು ಯಾರು, ಬಿಟ್ಟಿ ತಿಂದವರು ಯಾರು? ಆ ಲೆಕ್ಕ ತೆಗೆದರೆ ಬಾಕಿ ಬರಬೇಕಾದದ್ದು ನಮಗೆ.

ಈಗ ಮನೆ ಲೆಕ್ಕಕ್ಕೆ ಬರೋಣ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ದರದಲ್ಲಿ 2,000 ಅಂದರೆ ಆರು ದಿನದ ಕೂಲಿಗೂ ಕಡಿಮೆ. ಆರು ದಿನದ ಕೂಲಿ ಇಟ್ಟುಕೊಂಡು ಯಾವ ಸಂಸಾರ ತಿಂಗಳೆಲ್ಲ ಸೋಮಾರಿಯಾಗಿ ಕೂತು ತಿಂತದೆ? ಕೂತು ತಿನ್ನೋಕೆ ಆಗಲ್ಲ. ಆದರೆ ಇನ್ನೊಂದು ಆಗ್ತದೆ. ಅದೇ ಮುಖ್ಯ.

ನಂಜನಗೂಡಿನದೋ ತಿ. ನರಸೀಪುರದದೋ ಒಂದು ಕೇರಿಯ ಮನೆ ಅಂತಿಟ್ಟುಕೊಳ್ಳಿ. ಹೊಲ ಇಲ್ಲ. ನಾಟಿ, ಕಳೆ, ಕೊಯ್ಲು ಇದ್ದಾಗ ಕೂಲಿ. ಬೇಸಿಗೆಯಲ್ಲಿ ಅದೂ ಇಲ್ಲ. ಮಗುವಿಗೆ ಜ್ವರ ಬಂತು, ಐನೂರು ಬೇಕು. ಅವ್ವ ಎಲ್ಲಿಗೆ ಹೋಗ್ತಾಳೆ? ಯಜಮಾನರ ಮನೆ ಹಿತ್ತಿಲಿಗೆ. ಅವರು ಕೊಡ್ತಾರೆ. ಬಡ್ಡಿ ಕೂಡ ಕೇಳಲ್ಲ. 'ಕಳೆ ಕೀಳೋವಾಗ ಬಂದುಬಿಡಮ್ಮ' ಅಂತಾರೆ, ಅಷ್ಟೆ. ಕಳೆ ಕೀಳುವಾಗ ಬೇರೆ ಹೊಲದಲ್ಲಿ ಕೂಲಿ ಜಾಸ್ತಿ ಇದ್ದರೂ ಅವಳು ಇಲ್ಲಿಗೇ ಹೋಗಬೇಕು. ಅವರು ಹೇಳಿದ ಕೂಲಿಗೇ ದುಡಿಯಬೇಕು. ಜೀತಕ್ಕೆ ಕಾನೂನಿನಲ್ಲಿ ಕೊನೆ ಆಗಿದೆ. ಮುಂಗಡಕ್ಕೆ ಆಗಿಲ್ಲ. ಜೀತದ ಬೇರೇ ಈ ಮುಂಗಡ.

ತಿಂಗಳಿಗೊಂದು ಸಲ ಖಾತೆಗೆ ಬೀಳುವ ಎರಡು ಸಾವಿರ ಮುಟ್ಟುವುದು ಈ ಬೇರನ್ನ. ಔಷಧಿಗೆ, ನೋಟ್‌ಬುಕ್ಕಿಗೆ, ಗ್ಯಾಸ್ ಸಿಲಿಂಡರಿಗೆ ಹಿತ್ತಿಲ ಬಾಗಿಲು ತಟ್ಟುವುದು ತಪ್ಪಿದರೆ 'ಈ ಕೂಲಿಗೆ ಬರಲ್ಲ' ಅಂತ ಅನ್ನೋ ಬಾಯಿ ಬರ್ತದೆ. ಆಳು ಸಿಗಲ್ಲ ಅನ್ನುವವರ ಸಂಕಟ ನಿಜವೇ. ಸಿಗದೇ ಇರೋದು ಅವರು ಹೇಳಿದ ಕೂಲಿಗೆ ಆಳು.

ಇದು ಬರೀ ನಮ್ಮ ವಾದ ಅಲ್ಲ. ಮಧ್ಯಪ್ರದೇಶದ ಇಂದೋರ್ ಜಿಲ್ಲೆಯ ಎಂಟು ಹಳ್ಳಿಗಳಲ್ಲಿ 2011-12ರಲ್ಲಿ 'ಸೇವಾ' ಮಹಿಳಾ ಸಂಘಟನೆಯವರು ಒಂದು ಪ್ರಯೋಗ ಮಾಡಿದರು. ದೊಡ್ಡವರಿಗೆ ತಲಾ 200, ಮಕ್ಕಳಿಗೆ ತಲಾ 100 ರೂಪಾಯಿಯಿಂದ ಶುರು ಮಾಡಿ ತಿಂಗಳು ತಿಂಗಳು ಕೊಟ್ಟರು. ಆಮೇಲೆ ಅದನ್ನ 300, 150ಕ್ಕೆ ಏರಿಸಿದರು. ಯಾವ ಷರತ್ತೂ ಇಲ್ಲ. ಜನ ಕುಡಿದು ಹಾಳಾದರಾ? ಇಲ್ಲ. ಬಿತ್ತನೆ ಬೀಜ ಕೊಂಡರು, ಆಡು ಕಟ್ಟಿದರು, ಸಾಲ ತೀರಿಸಿದರು. ಇನ್ನೊಬ್ಬರ ಹೊಲದ ಕೂಲಿ ತಗ್ಗಿಸಿ ಸ್ವಂತ ಗೇಯ್ಮೆ ಹೆಚ್ಚಿಸಿದರು. ಮಕ್ಕಳು ಸ್ಕೂಲಿಗೆ ಹೋಗೋದು ಹೆಚ್ಚಾಯಿತು.

ಅಷ್ಟು ದೂರ ಯಾಕೆ, ನಮ್ಮನ್ನೇ ನೋಡಿಕೊಳ್ಳೋಣ. ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದಾಗ, 1944ರಲ್ಲಿ, ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾಯಿತು. ಅದೂ ನೇರ ಹಣವೇ. ಆ ಹಣ ತಿಂದು ನಾವು ಸೋಮಾರಿಗಳಾದೆವೋ, ಪದವೀಧರರಾದೆವೋ? 'ಬಿಟ್ಟಿ' ಅನ್ನುವವರಿಗೆ ಇದನ್ನು ತೋರಿಸಿ.

ಇಷ್ಟು ಹೇಳಿ ಚಪ್ಪಾಳೆ ತಟ್ಟಿ ಎದ್ದುಬಿಟ್ಟರೆ ನಾವು ಸರ್ಕಾರದ ಪ್ರಚಾರ ಮಾಡಿದ ಹಾಗಾಗ್ತದೆ. ಆದ್ದರಿಂದ ಮಿಕ್ಕ ಮಾತೂ ಕೇಳಿ.

ಒಂದು, ಹಣ ಕರಗ್ತದೆ. ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿಗೆ ಬದಲು 2023ರ ಜುಲೈಯಿಂದ ಕೆ.ಜಿ.ಗೆ 34ರ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಕೊಟ್ಟರು. ಆ ದುಡ್ಡಿಗೆ ಅಂಗಡಿಯಲ್ಲಿ ಐದು ಕೆ.ಜಿ. ಒಳ್ಳೇ ಅಕ್ಕಿ ಎಲ್ಲಿ ಸಿಗ್ತಿತ್ತು? 2025ರಲ್ಲಿ ಆ ಹಣ ನಿಂತು ಮತ್ತೆ ಅಕ್ಕಿ ಬಂತು. ಅಕ್ಕಿಯ ಬೆಲೆ ಏರಿದರೂ ಚೀಲದ ತೂಕ ಇಳಿಯಲ್ಲ. ರೂಪಾಯಿಯ ತೂಕ ಇಳೀತದೆ. 2023ರಲ್ಲಿ ಗೊತ್ತುಮಾಡಿದ ಎರಡು ಸಾವಿರವನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಿ ಅಂತ ಕೇಳಬೇಕು. ಹಣ ಕೊಟ್ಟೆವು ಅಂತ ಸೊಸೈಟಿ ಅಕ್ಕಿ, ಸರ್ಕಾರಿ ಶಾಲೆ, ಆಸ್ಪತ್ರೆ ಕಿತ್ತುಕೊಳ್ಳೋಕೆ ಬಂದರೆ ಬಿಡಬಾರದು.

ಎರಡು, ಹಣ ದಾರಿಯಲ್ಲಿ ಸಿಕ್ಕಿಕೊಳ್ತದೆ. ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಯಜಮಾನಿ ಅತ್ತೆ ತೀರಿಕೊಂಡಳು, ಸೊಸೆಯ ಹೆಸರು ಕಾರ್ಡಿಗೆ ಏರಿಲ್ಲ. ದುಡಿದು ದುಡಿದು ಸವೆದ ಹೆಬ್ಬೆಟ್ಟನ್ನ ಮಿಷನ್ ಒಪ್ಪಲ್ಲ. ಕಂತುಗಳು ತಡವಾಗಿ, ಎರಡು ಮೂರು ತಿಂಗಳಿನದು ಒಟ್ಟಿಗೆ ಬರೋದೂ ಉಂಟು. ತಡವಾದ ತಿಂಗಳು ಅವ್ವ ಮತ್ತೆ ಹಿತ್ತಿಲ ಬಾಗಿಲಿಗೇ ಹೋಗಬೇಕು.

ಮೂರು, ಸಾಲದ ಕಂಪನಿ. ಅವ್ವನ ಕೈಗೆ ಹಣ ಬಂದಿದ್ದು ಗೊತ್ತಾದ ಕೂಡಲೇ ಸಂಘದ ಸಾಲ, ವಾರದ ಕಂತು ಬಾಗಿಲಿಗೆ ಬರ್ತವೆ. 2025ರ ಜನವರಿಯಲ್ಲಿ ಮೈಕ್ರೋಫೈನಾನ್ಸಿನವರ ಕಿರುಕುಳಕ್ಕೆ ಹೆದರಿ ಚಾಮರಾಜನಗರ, ನಂಜನಗೂಡು ಕಡೆಯ ಹಳ್ಳಿಗಳಲ್ಲಿ ಸಂಸಾರಗಳು ಮನೆಗೆ ಬೀಗ ಜಡಿದು ಊರು ಬಿಟ್ಟವು. ಮುಂದಿನ ತಿಂಗಳೇ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಯಜಮಾನರ ಹಿತ್ತಿಲಿಂದ ಬಿಡಿಸಿಕೊಂಡು ಕಂಪನಿಯ ಬಾಯಿಗೆ ಬಿದ್ದರೆ ಏನು ಬಂತು?

ನಾಲ್ಕನೆಯದು ದೊಡ್ಡದು. ಈ ದುಡ್ಡು ಯಾರ ಚೀಲದಿಂದ ಬರ್ತಾ ಇದೆ? 2013ರ ಎಸ್.ಸಿ.ಎಸ್.ಪಿ.-ಟಿ.ಎಸ್.ಪಿ. ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ತಕ್ಕಷ್ಟು, ಅಂದರೆ ಶೇ. 24.1ರಷ್ಟು ಅಭಿವೃದ್ಧಿ ಹಣವನ್ನು ನಮಗಾಗಿಯೇ ತೆಗೆದಿಡಬೇಕು. ಭೂಮಿಗೆ, ಕೊಳವೆ ಬಾವಿಗೆ, ಮನೆಗೆ, ನಾವು ಕೂತಿರೋ ಇಂಥ ಹಾಸ್ಟೆಲ್ಲಿಗೆ. 2024-25ರಲ್ಲಿ 39 ಸಾವಿರ ಕೋಟಿಗೂ ಮಿಗಿಲಾದ ಆ ಹಣದಲ್ಲಿ 14 ಸಾವಿರ ಕೋಟಿಗೂ ಹೆಚ್ಚನ್ನು ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಅದು ಪರಿಶಿಷ್ಟ ಫಲಾನುಭವಿಗಳಿಗೇ ಹೋಗ್ತದಲ್ಲ ಅನ್ನೋದು ಸರ್ಕಾರದ ಸಮಜಾಯಿಷಿ.

ಹಾಗಾದರೆ ಕೇಳ್ತೀವಿ. ಊರೊಳಗಿನ ಅಮ್ಮನ ಎರಡು ಸಾವಿರ ಎಲ್ಲರ ಖಜಾನೆಯಿಂದ. ಕೇರಿಯ ಅವ್ವನ ಎರಡು ಸಾವಿರ ಕೇರಿಯ ಚೀಲದಿಂದ. ಖಜಾನೆಯಲ್ಲೂ ಊರು ಬೇರೆ, ಕೇರಿ ಬೇರೆಯಾ? ಅವ್ವನ ಬಲಗೈಗೆ ಹಣ ಇಟ್ಟು ಎಡಗೈಯಲ್ಲಿದ್ದ ಮಗಳ ಹಾಸ್ಟೆಲು, ಮಗನ ಕೊಳವೆ ಬಾವಿ ಕಿತ್ತುಕೊಂಡರೆ ಅದನ್ನ ಕೊಡುಗೆ ಅನ್ನೋದು ಹೇಗೆ? ಅವ್ವನಿಗೆ ಎರಡು ಸಾವಿರ ಬರಲೇಬೇಕು. ಅದು ಎಲ್ಲ ಹೆಂಗಸರಿಗೂ ಬರುವ ಖಜಾನೆಯಿಂದಲೇ ಬರಬೇಕು. ನಮ್ಮ ಉಪಯೋಜನೆಯ ಹಣ ಭೂಮಿಗೆ, ಓದಿಗೆ ಉಳಿಯಬೇಕು. 1978ರ ಪಿ.ಟಿ.ಸಿ.ಎಲ್. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಕಳಕೊಂಡ ಮಂಜೂರು ಜಮೀನನ್ನು ಕೇಳೋಕೆ ಕಾಲಮಿತಿಯ ಅಡ್ಡಿ ಇಲ್ಲ ಅಂತ ಬರೆದಿದ್ದಾರೆ. ಎರಡು ಸಾವಿರ ಉಸಿರು ಬಿಡೋಕೆ. ನಿಲ್ಲೋಕೆ ನೆಲ ಬೇಕು.

ಈಗ ನಮ್ಮ ಕೆಲಸ. ರಜಕ್ಕೆ ಊರಿಗೆ ಹೋದಾಗ ಕೇರಿಯ ಮನೆಮನೆ ಹತ್ತಿ. ಪಾಸ್‌ಬುಕ್ ತೆರೆದು ಯಾವ ತಿಂಗಳ ಹಣ ಬಂದಿದೆ, ಯಾವುದು ಬಂದಿಲ್ಲ ಅಂತ ಅವ್ವಂದಿರಿಗೆ ಓದಿ ಹೇಳಿ. ಕಾರ್ಡಿನ ಹೆಸರು, ಆಧಾರಿನ ಹೆಸರು ತಾಳೆ ನೋಡಿ. ಕಾರ್ಡೇ ಇಲ್ಲದ ಮನೆ, ಒಂಟಿ ಮುದುಕಿ, ಗಂಡ ಬಿಟ್ಟವಳು, ಇವರ ಪಟ್ಟಿ ಮೊದಲು ಮಾಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಮುರಿಯುವವರಿದ್ದರೆ ಬರೆದುಕೊಳ್ಳಿ. ಪಟ್ಟಿ ಹಿಡಿದು ಹತ್ತು ಜನ ಒಟ್ಟಿಗೆ ತಾಲ್ಲೂಕು ಕಚೇರಿಗೆ ಹೋಗಿ. ಒಬ್ಬೊಬ್ಬರೇ ಹೋಗಿ ಕೈಕಟ್ಟಿ ನಿಲ್ಲಬೇಡಿ. ಈ ಉಪಯೋಜನೆಯ ಹಣದಲ್ಲಿ ನಿಮ್ಮ ಹಾಸ್ಟೆಲಿಗೆ ಎಷ್ಟು ಬಂತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಹಣದ ಯೋಜನೆಗೆ ಲಕ್ಷ್ಮಿ ಹೆಸರಿಟ್ಟಿದ್ದಾರೆ. ಲಕ್ಷ್ಮಿ ಕೊಟ್ಟರೆ ಅದು ವರ. ವರಕ್ಕೆ ಕೈಮುಗೀಬೇಕು, ನಿಂತುಹೋದರೆ ಹಣೆಬರಹ ಅನ್ನಬೇಕು. ನಾವು ಇದನ್ನ ಪಾಲು ಅಂತ ಕರೆಯೋಣ. ಪಾಲು ತಡವಾದರೆ ಯಾಕೆ ಅಂತ ಕೇಳಬಹುದು. ಕಡಿಮೆಯಾದರೆ ಎಷ್ಟು ಅಂತ ಕೇಳಬಹುದು. ಎಲ್ಲಿಂದ ತಂದಿರಿ ಅಂತಲೂ ಕೇಳಬಹುದು.

ಜೈ ಭೀಮ್.