ಉಣ್ಣೆ ಹುಡುಕಿಕೊಂಡು ಹೋದ ವಿಜ್ಞಾನಿ
(ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ತತ್ತ್ವದ ಬಗ್ಗೆ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ದೂರದ ಒಬ್ಬ ಹೆಣ್ಣುಮಗಳ ಪರಿಚಯ ಮಾಡಿಕೊಡುತ್ತೇನೆ. ಹೆಸರು ವಂಗಾರಿ ಮಾಥಾಯ್. ಆಫ್ರಿಕಾದ ಕೀನ್ಯಾ ದೇಶದಲ್ಲಿ, 1940ರಲ್ಲಿ, ಕಪ್ಪು ಜನರ ಒಂದು ರೈತ ಕುಟುಂಬದಲ್ಲಿ ಹುಟ್ಟಿದವರು. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿ, ಕ್ಯಾಥೊಲಿಕರಾಗಿ, ಅಮೆರಿಕಕ್ಕೆ ಹೋಗಿ ಜೀವಶಾಸ್ತ್ರ ಕಲಿತರು. 1971ರಲ್ಲಿ ನೈರೋಬಿಯಲ್ಲಿ ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಅವರೇ.

ಅಲ್ಲಿ ದನಗಳಿಗೆ ಉಣ್ಣೆಯಿಂದ, ನಾವು ಉಣುಗು ಅಂತೀವಲ್ಲ ಅದರಿಂದ, ಒಂದು ಮಾರಕ ಜ್ವರ ಬರುತ್ತದೆ. ಅದರ ಸಂಶೋಧನೆಗೆ ಉಣ್ಣೆ ಹುಡುಕಿಕೊಂಡು ಹಳ್ಳಿಗೆ ಹೋದರೆ ಕಂಡದ್ದೇನು? ಬಡಕಲು ದನ. ಮೇಯಲು ಹುಲ್ಲಿಲ್ಲ. ಮಳೆ ಬಂದರೆ ಹೊಲದ ಮಣ್ಣೆಲ್ಲ ಹೊಳೆಯ ಪಾಲು. ಹೆಂಗಸರಿಗೆ ಒಲೆಗೆ ಸೌದೆಯಿಲ್ಲ. ದನಗಳಿಗೆ ಉಣ್ಣೆಗಿಂತ ದೊಡ್ಡ ಕಂಟಕ ಈ ಬೋಳು ನೆಲವೇ ಅಂತ ಅವರಿಗೆ ಹೊಳೆಯಿತು. ಅವರ ಹುಟ್ಟೂರಿನಲ್ಲೂ ಅಷ್ಟೇ. ದೇವರ ಮರ, ಇದರ ಸೌದೆ ಮುಟ್ಟಬೇಡ ಅಂತ ತಾಯಿ ಹೇಳಿದ್ದ ಅತ್ತಿ ಜಾತಿಯ ಮರವನ್ನು ಟೀ ಬೆಳೆಯಲು ಕಡಿದಿದ್ದರು. ಪಕ್ಕದ ತೊರೆ ಬತ್ತಿತ್ತು.

1977ರಲ್ಲಿ ಗ್ರೀನ್ ಬೆಲ್ಟ್ ಚಳವಳಿ ಶುರು ಮಾಡಿದರು. ಮರ ಬೆಳೆಸಲು ತರಬೇತಿ ಬೇಕು ಅಂದರು ಅರಣ್ಯದವರು. ಜೋಳ, ಅವರೆ ಬಿತ್ತುವ ಹೆಂಗಸರಿಗೆ ಮರದ ಬೀಜ ಊರೋದು ಬರೋದಿಲ್ಲವೇ? ಒಡೆದ ಮಡಕೆಯಲ್ಲೇ ಸಸಿ ಎಬ್ಬಿಸಿದರು. ಕೋಳಿ ಕೆದಕದಂತೆ ಎತ್ತರದಲ್ಲಿಟ್ಟರು. ಸಂಘದವರು ಗಮನಿಸಬೇಕು: ಹಣ ಕೊಡುತ್ತಿದ್ದದ್ದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ. ಅದೂ ಪುಡಿಗಾಸು. ನಮ್ಮ ವನಮಹೋತ್ಸವದಲ್ಲಿ ಗುಂಡಿ ಹಳೆಯದೇ, ಗಿಡ ಮಾತ್ರ ಪ್ರತಿವರ್ಷ ಹೊಸದು! (ನಗು)

1989ರಲ್ಲಿ ನೈರೋಬಿಯ ಉದ್ಯಾನದಲ್ಲಿ 60 ಅಂತಸ್ತಿನ ಕಟ್ಟಡ ಬೇಡವೆಂದು ಸರ್ಕಾರವನ್ನೇ ಎದುರಿಸಿದರು. ಕಟ್ಟಡ ನಿಂತಿತು. ಆ ವರ್ಷಗಳಲ್ಲಿ ಏಟೂ ತಿಂದರು, ಜೈಲೂ ಕಂಡರು.

ಬೈಬಲಿನ ಪ್ರಕಾರ ದೇವರು ಮನುಷ್ಯನನ್ನು ಸೃಷ್ಟಿಸಿದ್ದು ಎಲ್ಲಕ್ಕಿಂತ ಕೊನೆಗೆ. ಮಂಗಳವಾರವೇ ಮಾಡಿದ್ದರೆ ತಿನ್ನಲು ಏನೂ ಇಲ್ಲದೆ ಬುಧವಾರ ಸತ್ತಿರುತ್ತಿದ್ದ ಎಂಬ ಅರ್ಥದಲ್ಲಿ ವಂಗಾರಿ ತಮಾಷೆ ಮಾಡುತ್ತಿದ್ದರು. ತಮಾಷೆಯೇ, ಆದರೆ ಜೀವಶಾಸ್ತ್ರವೂ ಹೌದು.

2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಷ್ಟರಲ್ಲಿ ನೆಟ್ಟ ಮರಗಳು 3 ಕೋಟಿ. 2011ರಲ್ಲಿ ತೀರಿಕೊಂಡರು. ನನ್ನ ಶವಪೆಟ್ಟಿಗೆಗೆ ಮರ ಕಡಿಯಬೇಡಿ ಅಂತ ಮೊದಲೇ ಹೇಳಿದ್ದರಂತೆ. ಬಿದಿರು, ಜೊಂಡು, ಕೆರೆಯಲ್ಲಿ ಬೆಳೆಯುವ ಅಂತರಗಂಗೆ, ಇವುಗಳಿಂದ ಪೆಟ್ಟಿಗೆ ಹೆಣೆದು ಕಳಿಸಿಕೊಟ್ಟರು.